ಗಾಜಿನ ಈಚೆ

ಬೊಂಬೆಗೆ ಉಸಿರು ಕೊಡುವವನು ನಾನು,
ಗಾಜಿನ ಹಿಂದೆ ಕೂತು, ಗುಂಡಿ ಒತ್ತಿ.
ಹೊರಗೆ ಬಳ್ಳಾರಿಯ ಏಪ್ರಿಲ್, ಗುಡ್ಡದ ಬಂಡೆ ಕಾದಿದೆ.

“ಅಡ್ರಿನಲಿನ್, ಐದು ಎಂಎಲ್, ನರಕ್ಕೆ” ಎಂದ
ಡಾಕ್ಟರಾಗುವ ಹುಡುಗ.
ಫಾರ್ಮಸಿಯ ತಹಸೀನಳ ಹುಬ್ಬು ಗಂಟಾಯಿತು,
ಬಾಯಿ ತೆರೆಯಲಿಲ್ಲ.
ನರ್ಸಿಂಗಿನ ಹುಲಿಗೆಮ್ಮ ಸಿರಿಂಜ್ ನೋಡಿದಳು,
ಅವನ ಕೋಟು ನೋಡಿದಳು,
ಚುಚ್ಚಿದಳು.

ಗೆರೆ ಚಪ್ಪಟೆ ಮಾಡಿದೆ.

ಕೊಂದವರಾರು ಎಂದು ಮೇಡಂ ಕೇಳಲಿಲ್ಲ.
“ಯಾರಿಗೆಲ್ಲ ಅನುಮಾನ ಬಂದಿತ್ತು?” ಎಂದರು.
ಎರಡು ಕೈ, ನಿಧಾನಕ್ಕೆ, ಎದ್ದವು.
ಹುಡುಗ ಆ ಕೈಗಳನ್ನೇ ನೋಡುತ್ತ ನಿಂತ.

ಇಲ್ಲಿ ಸತ್ತವರನ್ನು ಎಬ್ಬಿಸಲೂ ಒಂದು ಗುಂಡಿ ಇದೆ.
ಎಬ್ಬಿಸಿದೆ.

ಈ ಸಲ ಹೇಳುವ ಮುಂಚೆ ತಿರುಗಿದ:
“ಹುಲಿಗೆಮ್ಮಾ, ಎಷ್ಟು?”
“ಅರ್ಧ ರೀ. ತೊಡೆಗೆ.”
“ಅರ್ಧ,” ತಹಸೀನಳೂ ಅಂದಳು.

ಗಾಜಿನ ಈಚೆ, ಮೈಕಿಲ್ಲದೆ,
ನನಗೂ ಕೇಳಿಸಿತು.