ಮುಚ್ಚಳ ತೆಗೆಯದ ಹನ್ನೊಂದು ನಿಮಿಷ

ಒಂಬತ್ತು ಟೇಪು, ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡವು,
ಗುಂಡಿ ಡಬ್ಬಿಯ ತಳದಲ್ಲಿ ಸಿಕ್ಕವು.
ಕ್ಯಾಮೆರಾ ಇನ್ನೂ ಕೆಮ್ಮಿಕೊಂಡು ತಿರುಗುತ್ತದೆ.
ಹೊಸ ಕಂಪ್ಯೂಟರಿಗೆ ಮಾತ್ರ ಆ ತೂತೇ ಇಲ್ಲ.

ರುವಿ ಹೈಸ್ಟ್ರೀಟಿನ ಆರು ಅಂಗಡಿ ಹತ್ತಿ ಇಳಿದೆ.
‘ಎಂತ ಮಾರಾಯ್ರೆ, ಇದು ಯಾವ ಕಾಲದ ವಯರು?’
ಉಪ್ಪಳದ ಅಂದುಂಞಿ ಬಿಸ್ಕತ್ತಿನ ಡಬ್ಬಿ ಕವುಚಿದ,
ಹೆಣೆದುಕೊಂಡ ಹಾವಿನ ಮರಿಗಳಿಂದ ಒಂದನ್ನು ಎಳೆದ,
ಅದಕ್ಕೊಂದು ಮೂತಿ, ಆ ಮೂತಿಗೆ ಇನ್ನೊಂದು ಮೂತಿ,
ತೇಪೆಯ ಮೇಲೆ ತೇಪೆ.
‘ಎರಡೂವರೆ ರಿಯಾಲ್. ನಡೆದರೆ ಮಾತ್ರ ಕೊಡಿ.’
ನಡೆಯಿತು.

ಕತ್ತರಿಸಿ ಜೋಡಿಸುವ ಸಾಫ್ಟ್‌ವೇರು ಹುಡುಕಿದ್ದು
ತಂಗಿಯ ಮಗಳು ಜೋವಿಟಾ.
ಮೊದಲನೆಯದು ತೆರೆದರೆ ವಿಮಾನದ ಮುಂಭಾಗ:
ಮುಟ್ಟಿದರೆ ಎಲ್ಲಿ ಬೀಳುತ್ತೇವೋ!
ಎರಡನೆಯದು ಪುಕ್ಕಟೆ,
ಆದರೆ ಎಲ್ಲರ ಮುಖದ ಮೇಲೂ ತನ್ನ ಹೆಸರು ಒತ್ತುತ್ತದೆ.
ಇಪ್ಪತ್ತಾರು ವರ್ಷ ಈ ಊರಲ್ಲಿ ಅಂಗಿ ಹೊಲಿದಿದ್ದೇನೆ,
ನನ್ನ ಲೇಬಲ್ಲು ಕೊರಳ ಒಳಗೆ ಇರುತ್ತದೆ,
ಎದೆಯ ಮೇಲಲ್ಲ.
ಮೂರನೆಯದರಲ್ಲಿ ಒಂದು ಕತ್ತರಿ,
ಹಿಂದಕ್ಕೆ ಬಾಗಿದ ಒಂದು ಬಾಣ.
ತಪ್ಪಿ ಕತ್ತರಿಸಿದ್ದು ಬಾಣ ಒತ್ತಿದರೆ ಕೂಡಿಕೊಳ್ಳುತ್ತದಂತೆ.
ಝುವೈನಾಳ ಹಸಿರು ರೇಷ್ಮೆ, ಈದ್‌ನ ಹಿಂದಿನ ರಾತ್ರಿ,
ಒಂದು ಗೇಣು ಅಡ್ಡ ಹೋಗಿತ್ತು ನನ್ನ ಕೈಯಿಂದ.
ಆಗ ಎಲ್ಲಿದ್ದೆಯೋ ಬಾಣವೇ?
‘ಇದೇ ಇರಲಿ’ ಎಂದೆ.

ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು.
‘ಬೇಗ ಓಡಿಸಕ್ಕಾಗಲ್ವಾ ಮಾಮ?’
ಆಗುವುದಿಲ್ಲ ಮಗಾ.
ಆವತ್ತು ನಡೆದಷ್ಟೇ ನಿಧಾನಕ್ಕೆ ಇವತ್ತೂ ನಡೆಯಬೇಕು.
ಅವಳು ಫೋನು ಹಿಡಿದು ಒರಗಿದಳು.
ನಾನು ಅಂಚು ಹೊಲಿಯುತ್ತ ಕೂತೆ.
ಸಲಾಲಾದ ಮಂಜಿನಲ್ಲಿ ಒಂಟೆಗಳು ರಸ್ತೆ ದಾಟಿದವು,
ಎಲ್ಲವೂ ದಾಟುವವರೆಗೆ ಕಾದೆವು, ಎರಡನೆಯ ಸಲ.
ಮತ್ರಾದ ದಡದಲ್ಲಿ ಹಲ್ಲು ಬಿದ್ದ ಜೋವಿಟಾ,
ಐಸ್‌ಕ್ರೀಮು, ಅಳು, ಮತ್ತೆ ಐಸ್‌ಕ್ರೀಮು.

ಏಳನೆಯ ಟೇಪು ಕಪ್ಪು.
ಸಾಫ್ಟ್‌ವೇರು ಮರ್ಯಾದೆಯಿಂದ ಕೇಳಿತು:
ಇಲ್ಲಿ ಚಿತ್ರವಿಲ್ಲ, ತೆಗೆದುಹಾಕಲೇ?
ಜೋವಿಟಾಳ ಬೆರಳು ಆಗಲೇ ಹೋಗಿತ್ತು.
‘ತಡಿ.’

ಕಪ್ಪಿನೊಳಗೆ ನನ್ನ ಮಷಿನ್ನು ಓಡುತ್ತಿತ್ತು.
ನೀರಿನ ಟ್ಯಾಂಕರು ಹಿಂದಕ್ಕೆ ಬರುವ ಪೀಂ ಪೀಂ.
ಯಾರಿಗೋ ನಾನು ಹೇಳುತ್ತಿದ್ದೇನೆ, ‘ಗುರುವಾರ, ಖಂಡಿತ.’
(ಎಷ್ಟು ಗುರುವಾರಗಳ ಸಾಲ ನನ್ನ ತಲೆಯ ಮೇಲೆ!)
ಆಮೇಲೆ ಏಕ್, ದುಯಿ, ತೀನ್,
ಕಾಜಾ ಎಣಿಸುವ ದನಿ.

ಮೋತಾಲೆಬ್.

ನಾವು ಸಲಾಲಾದಲ್ಲಿದ್ದಾಗ ಅಂಗಡಿ ತೆರೆದವನು.
ಮತ್ರಾದಲ್ಲಿದ್ದಾಗ ಅಂಗಡಿ ಮುಚ್ಚಿದವನು.
ಅದಕ್ಕೇ ಎಂಟು ಟೇಪಿನಲ್ಲಿ ಎಲ್ಲೂ ಇಲ್ಲ.
ಒಂದು ದಿನ ಕೇಳಿದ್ದ, ತಲೆ ಎತ್ತದೆ:
‘ಚಾಂದ್‌ಪುರಕ್ಕೆ ಕಳಿಸಬೇಕು ಭಾಯ್,
ಇಲ್ಲಿ ಏನು ಮಾಡುತ್ತೇನೆ ಅಂತ ಅಮ್ಮ ನೋಡಲಿ.’
ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು ಗುಂಡಿ ಒತ್ತಿದೆ,
ಈ ಕಡೆ ನೋಡಬೇಡ, ಕೆಲಸ ಮಾಡುತ್ತಿರು ಎಂದೆ.
ಮುಚ್ಚಳ ತೆಗೆದಿರಲಿಲ್ಲ.
‘ನಡೀತಾ ಇದೆಯಾ ಭಾಯ್?’ ಕಪ್ಪಿನಲ್ಲಿ ಅವನು.
‘ನಡೀತಾ ಇದೆ.’ ಕಪ್ಪಿನಲ್ಲಿ ನಾನು.
ಮೂರು ಸಲ ಕೇಳಿದ. ಮೂರು ಸಲ ಹೇಳಿದೆ.
ಕಳಿಸುವ ಮುಂಚೆ ತೋರಿಸು ಎಂದಿದ್ದ,
ನೋಡೋಣ, ಗುರುವಾರ ಎಂದಿದ್ದೆ.

ಕತ್ತರಿ ಕೈಯಲ್ಲಿತ್ತು, ಮುಟ್ಟಲಿಲ್ಲ.
ಹನ್ನೊಂದು ನಿಮಿಷದ ಒಂದೇ ತುಂಡು.
‘ಫೈಲಿಗೆ ಏನಂತ ಹೆಸರು ಮಾಮ?’
ಮೋತಾಲೆಬ್, ಕೆಲಸದಲ್ಲಿ.
ಹಳೆಯ ಲೆಕ್ಕದ ಪುಸ್ತಕದಿಂದ ನಂಬರು ಕೊಟ್ಟೆ.
ಹಸಿರು ಗೆರೆ ತೆವಳುತ್ತ ತೆವಳುತ್ತ ಚಾಂದ್‌ಪುರ ಮುಟ್ಟಿತು.

ಎರಡು ದಿನ ಏನೂ ಇಲ್ಲ.
ಶುಕ್ರವಾರ, ಪೂಜೆಗೆ ಹೊರಡುವಾಗ, ಅವನ ದನಿ ಬಂತು:
‘ಆವತ್ತು ನೀಲಿ ಅಂಗಿ ಹಾಕಿದ್ದೆ ಭಾಯ್.
ನೀನೇ ಹೊಲಿದದ್ದು.
ಕಾಲರು ಸ್ವಲ್ಪ ಬಿಗಿ.’