ಹೆಪ್ಪಿಗೆ

ಸಂಜೆ ಹಾಲಿನ ಕೊನೆ ಟ್ಯಾಂಕರು ದುದ್ದದ ಕಡೆಯಿಂದ ಬಂದು
ತೂಕ ಮುಗಿಯುವಾಗ ಹನ್ನೊಂದು.
ಬೆಳಗಿನ ಮೊದಲ ಕ್ಯಾನು ನಾಲ್ಕೂಮುಕ್ಕಾಲಿಗೆ.
ಅಷ್ಟೇ ನನಗೆ ಸಿಕ್ಕ ರಾತ್ರಿ.
ಹಾಸನದ ಡೈರಿ, ಹಿಂದಿನ ಕೋಣೆ,
ಎರಡು ಸರ್ವರು, ಒಂದು ಸ್ಟೂಲು,
ಏಸಿಯನ್ನು ನಂಬದೆ ಇಟ್ಟ ಟೇಬಲ್ ಫ್ಯಾನು.

ಸಾವಿರದ ನೂರಾ ಆರು ದಿನ ಕಣ್ಣು ಮುಚ್ಚಿಲ್ಲ ಇವು.
ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ
ಪುಟ್ಟಸ್ವಾಮಾಚಾರ್ರು ಶುರುಮಾಡಿದ ಲೆಕ್ಕ,
ಸೊಸೆ ಒಮ್ಮೆಯೂ ತವರಿಗೆ ಹೋಗಿಲ್ಲವೆಂದು
ಬೀಗುವ ಅತ್ತೆಯ ಹಾಗೆ.
ಅವರು ರಿಟೈರಾದ ಮೇಲೂ ದ್ಯಾವಪ್ಪ ಬರೆಯುತ್ತಾನೆ, ದಿನಾ.
‘ಓಡೋ ಬಂಡಿಗೆ ಕೀಲೆಣ್ಣೆ ಸಾಕು, ಅಚ್ಚು ಬಿಚ್ಚಬೇಡ ಕಣಮ್ಮ’
ಅಂದಿದ್ದರು ಬೀಗದ ಕೈ ಕೊಡುವಾಗ.
ಅಚ್ಚೇ ಸವೆದಿದೆಯಲ್ಲ ಆಚಾರ್ರೇ.
ಈ ಲಿನಕ್ಸಿಗೆ ತೇಪೆ ಹಾಕುವವರು
ಅಂಗಡಿ ಮುಚ್ಚಿ ಎಂಟು ತಿಂಗಳು.

ಸ್ಟೋರಿನ ಹಳೇ ಡಬ್ಬದಲ್ಲಿ ಮೂರು ಸಲ ಮಾಡಿ ನೋಡಿದ್ದೆ.
ಎರಡನೇ ಸಲ ದಶಾಂಶದ ಚುಕ್ಕಿ ಎಲ್ಲೋ ಉದುರಿ
ಕಟ್ಟಾಯದ ಒಂದು ಎಮ್ಮೆಯ ಹಾಲಿಗೆ ಫ್ಯಾಟು ಎಪ್ಪತ್ತೊಂದು.
‘ಎಮ್ಮೆಯಲ್ಲ ನೌಶೀನಮ್ಮ, ಬೆಣ್ಣೆ ಮುದ್ದೆ’ ಎಂದು
ದ್ಯಾವಪ್ಪ ಜನರೇಟರಿಗೆ ಒರಗಿ ನಕ್ಕ.
ನಾನು ನಗಲಿಲ್ಲ.
ಆ ಚುಕ್ಕಿಯ ಮೇಲೆಯೇ ಬಟವಾಡೆ, ಹಿಂಡಿಯ ಸಾಲ, ಸ್ಕೂಲು ಫೀಜು.

ಇವತ್ತು ಭಾರವನ್ನೆಲ್ಲ ಎರಡನೆಯದರ ಹೆಗಲಿಗೆ ದಾಟಿಸಿ
ಮೊದಲನೆಯದನ್ನು ಮಲಗಿಸಿದೆ.
ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡೆ: ಮೂರೂವರೆ.
ಅಷ್ಟರಲ್ಲಿ ಏಳದಿದ್ದರೆ ಹಳೆಯದನ್ನೇ ವಾಪಸು ಹಾಕು,
ಮಾನ ಮರ್ಯಾದೆ ಆಮೇಲೆ.

ಎದ್ದಿತು. ಆದರೆ ಮೂಕಿ.
ಮದುವೆಯಲ್ಲಿ ಹೆಸರು ಬದಲಿಸಿದ ಹುಡುಗಿಯ ಹಾಗೆ
ನೆಟ್‌ವರ್ಕ್ ಕಾರ್ಡು ಹಳೇ ಹೆಸರಿಗೆ ಓಗೊಡುತ್ತಿಲ್ಲ.
ಹೊಸ ಹೆಸರು ಹುಡುಕಿ, ಕಡತ ತಿದ್ದಿ,
ಒಂದಕ್ಷರ ತಪ್ಪಿ, ಮತ್ತೆ ತಿದ್ದಿ
ಕೂಗಿದೆ.
ಮೂರು ಹನ್ನೆರಡಕ್ಕೆ ‘ಹೂಂ’ ಅಂದಿತು.

‘ಇನ್ನೊಂದನ್ನೂ ಮುಗಿಸಿಬಿಡಿ, ಕೈ ಬಿಸಿ ಇದ್ದಾಗಲೇ.’
ಬೇಡ ದ್ಯಾವಪ್ಪ.
ನಮ್ಮಮ್ಮಿ, ಎಷ್ಟೇ ಜನ ಊಟಕ್ಕೆ ಬರಲಿ,
ಮೊಸರಿನ ಗಡಿಗೆಯ ತಳವನ್ನು ಪೂರ್ತಿ ಬಳಿಯುತ್ತಿರಲಿಲ್ಲ.
ಒಂದು ಚಮಚ. ಹೆಪ್ಪಿಗೆ.
ಹೊಸದು ಕೆಟ್ಟರೆ ಮತ್ತೆ ಶುರುಮಾಡಲು
ಹುಳಿಯಾಗುತ್ತಾ ಬಂದ ಹಳೆಯದೇ ಬೇಕು.
ಮುಂದಿನ ಮಂಗಳವಾರದವರೆಗೆ ಇರಲಿ ಅದು ಹಾಗೇ.

ಹೊರಗೆ ಕ್ಯಾನಿನ ಸದ್ದು.
ಮೊದಲ ಚೀಟಿ ಹರಿದು ಬೆಳಕಿಗೆ ಹಿಡಿದೆ:
ನಾಲ್ಕು, ಚುಕ್ಕಿ, ಎರಡು.
ದ್ಯಾವಪ್ಪ ಸೀಮೆಸುಣ್ಣ ಹಿಡಿದು ಬಾಗಿಲ ಹಿಂದೆ ನಿಂತಿದ್ದ.
‘ಸಾವಿರದ ನೂರಾ ಏಳು ಬರೀಲಾ?’
ಯಾವುದಕ್ಕೆ, ಅಂದೆ.