ಎರಡನೇ ಅಳತೆ

ಗ್ರೊನಿಂಗನ್ನಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಆ ಯಂತ್ರಕ್ಕೆ ಹದಿನೇಳು ವರ್ಷದಿಂದ ನಾನೇ ಒಡನಾಡಿ.
ಗಡಿಯಾರ, ಉಂಗುರ, ಹೇರ್‌ಪಿನ್ನು, ಒಮ್ಮೆ ಒಂದು ಹಲ್ಲಿನ ಸೆಟ್ಟು
ಬಟ್ಟಲಿಗೆ ಹಾಕಿಸಿಕೊಂಡು
ಜನರನ್ನು ಕೊಳವೆಯೊಳಗೆ ತಳ್ಳುವುದು ನನ್ನ ಕೆಲಸ.
ಅಲುಗಬೇಡಿ ಅನ್ನುತ್ತೇನೆ.
ಅಲುಗದವರನ್ನು ನಾನಿನ್ನೂ ಕಂಡಿಲ್ಲ.

ಮೊದಲ ಸಲ ಅರವತ್ತೆರಡು ಮಂದಿ.
ಅವರಲ್ಲೊಬ್ಬಳು ಟ್ರೈಂಟ್ಯೆ, ಕಾಲುವೆಯ ಸೇತುವೆ ಕಾಯುವವಳು.
ಅಪರಿಚಿತರನ್ನು ನಂಬುತ್ತೀರಾ ಎಂಬ ಪ್ರಶ್ನೆಗೆ
ಐದಕ್ಕೆ ಐದು ಹಾಕಿದ್ದಳು,
ಕಾಗದ ತೂತಾಗುವ ಹಾಗೆ ಪೆನ್ಸಿಲ್ಲು ಒತ್ತಿ.

ಹಣೆಯ ಹಿಂದೆ ಒಂದು ಮಡಿಕೆ
ನಂಬುವವರಲ್ಲಿ ಕೂದಲೆಳೆಯಷ್ಟು ದಪ್ಪ, ಎಂದು ಬಂತು ಫಲಿತಾಂಶ.
ಹಣೆಬರಹ ಓದಲು ಬಂತೆಂದೇ
ಆ ವಾರ ನಾವೆಲ್ಲ ಅಂದುಕೊಂಡೆವು.
ಡಾಕ್ಟರ್ ವೀಟ್ಸ್ಕೆ ಕೇಕು ತಂದಳು.
ಪತ್ರಿಕೆಯವರು ಯಂತ್ರದ ಬಾಯಿಯ ಫೋಟೋ ಹೊಡೆದುಕೊಂಡು ಹೋದರು.
ಟ್ರೈಂಟ್ಯೆ ತನ್ನ ಮಿದುಳಿನದೊಂದು ಪ್ರತಿ ಕೇಳಿ ಒಯ್ದು
ಸೇತುವೆಯ ಗೂಡಿನಲ್ಲಿ
ದೋಣಿಗಳ ವೇಳಾಪಟ್ಟಿಯ ಪಕ್ಕ ಅಂಟಿಸಿದಳು.

ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು,
ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ.
ಅರವತ್ತೆರಡು ತಲೆಗೆ ಅರವತ್ತೆರಡು ಒಲೆ,
ಇಷ್ಟು ಹೊಳೆಯಲು ವೀಟ್ಸ್ಕೆಗೆ ಒಂಬತ್ತು ವರ್ಷ ಹಿಡಿಯಿತು.
ಹೊಳೆದ ಮೇಲೆ ಸುಮ್ಮನಿರಲಾಗಲಿಲ್ಲ.
ಏನನ್ನು ಅಳೆಯುತ್ತೇನೆ, ಏನು ಸಿಕ್ಕರೆ ಸೋತೆ ಎನ್ನುತ್ತೇನೆ,
ಎಲ್ಲ ಮೊದಲೇ ಬರೆದು, ಮೊಹರು ಮಾಡಿ,
ಕೀಲಿಯನ್ನು ಬೇರೊಬ್ಬರ ಕೈಗೆ ಕೊಟ್ಟು
ಮತ್ತೆ ಶುರು ಮಾಡಿದಳು.

ಈ ಸಲ ಎರಡು ಸಾವಿರದ ನೂರ ನಲವತ್ತು.
ಲೇವಾರ್ಡನ್ನಿನ ಹೈನುಗಾರರು, ಸುರಿನಾಮಿನಿಂದ ಬಂದ ದರ್ಜಿಗಳು,
ಹೆರಿಂಗ್ ಮೀನು ಮಾರುವವರು, ತೆರಿಗೆ ಕಚೇರಿಯವರು,
ಕೊಳವೆಯಲ್ಲೇ ಗೊರಕೆ ಹೊಡೆದ ಒಬ್ಬ ಪಾದ್ರಿ.
ಮೂರು ಚಳಿಗಾಲ ನನ್ನ ಕಿವಿಯಲ್ಲಿ ಅದೇ ಟಕಟಕ,
ಮನೆಗೆ ಹೋದರೂ, ಹಲ್ಲುಜ್ಜಿದರೂ.

ಒಂದು ಶುಕ್ರವಾರ ಕೀಲಿ ತೆರೆದರು.
ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ.
ನಡುವೆ ಎಳೆದ ಗೆರೆ
ಗಾಳಿಯಿಲ್ಲದ ದಿನದ ಕಾಲುವೆ. ಮಟ್ಟಸ.
ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು ಅಷ್ಟೇ,
ನಾವು ಆ ಕಾಗೆಯ ತೂಕವನ್ನು
ಮೂರು ದಶಮಾಂಶದವರೆಗೆ ಬರೆದಿಟ್ಟಿದ್ದೆವು.

ಯಾರೂ ಕೇಕು ತರಲಿಲ್ಲ.
ವೀಟ್ಸ್ಕೆ ಕನ್ನಡಕ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು.
ಇದೆ ಎಂದು ಬರೆದವಳು ನಾನು,
ಇಲ್ಲ ಎಂದೂ ನಾನೇ ಬರೆಯಬೇಕು, ಅಂದಳು.

ಟ್ರೈಂಟ್ಯೆಗೆ ಹೇಳಬೇಕಲ್ಲ. ಸೈಕಲ್ಲು ತುಳಿದೆ.
ಎದುರುಗಾಳಿ.
ಗೂಡಿನೊಳಗೆ ಆ ಚಿತ್ರ ಬಿಸಿಲಿಗೆ ಮಾಸಿ
ಹಳೆಯ ಹೂಕೋಸಿನ ಬಣ್ಣಕ್ಕೆ ತಿರುಗಿತ್ತು.
ಆ ಮಡಿಕೆಗೂ ನಿಮ್ಮ ನಂಬಿಕೆಗೂ
ನಂಟಿದ್ದ ಹಾಗೆ ಕಾಣುವುದಿಲ್ಲ, ಅಂದೆ.
ಹಾಗಾದರೆ ನಾನು ನಂಬುವುದು?
ಅದು ಇದೆ. ಎಲ್ಲಿದೆ ಗೊತ್ತಿಲ್ಲ.

ಅಷ್ಟರಲ್ಲಿ ದೋಣಿಯೊಂದು ಕೂಗಿತು.
ಗಾಳದ ಕೋಲಿಗೆ ಕಟ್ಟಿದ ಮರದ ಚಪ್ಪಲಿಯನ್ನು
ಅವಳು ಸುಂಕಕ್ಕಾಗಿ ನೀರಿನ ಮೇಲೆ ತೂಗಿಬಿಟ್ಟಳು.
ಯಾವ ದೇಶದವನೋ, ಜೇಬು ತಡಕಿ, ಕೈ ಆಡಿಸಿ,
ವಾಪಸು ಬರುವಾಗ ಕೊಡುತ್ತೇನೆ ಎಂದ.
ಹೂಂ ಅಂದು ಗುಂಡಿ ಒತ್ತಿದಳು.
ರಸ್ತೆ ಎರಡಾಗಿ ಮೇಲೆದ್ದಿತು.

ಹೀಗೆ ಅಂದವರಲ್ಲಿ ಎಷ್ಟು ಜನ ಕೊಟ್ಟಿದ್ದಾರೆ?
ರೂಢಿಬಲದಿಂದ ಕೇಳಿಬಿಟ್ಟೆ.
ಎಣಿಸಿಲ್ಲ, ಅಂದಳು,
ಖಾಲಿ ಚಪ್ಪಲಿಯನ್ನು ಒಳಗೆಳೆದುಕೊಳ್ಳುತ್ತ.
ಸೇತುವೆ ಇಳಿಯುವ ತನಕ
ಸೈಕಲ್ಲು ಹಿಡಿದು ನಿಂತಿದ್ದೆ.